ಸಹಭಾಗಿ ಸಂಶೋಧನೆ: ಕರ್ನಾಟಕದ ಅರ್ಧ ಶತಮಾನ

ವಿಶ್ವವಿದ್ಯಾಲಯಗಳು ಸಮುದಾಯದೊಂದಿಗೆ ಕೂಡಿ ಸಂಶೋಧನೆ ನಡೆಸಬೇಕೆಂಬ ವಿಚಾರವು ಕೇಂದ್ರ ಸರ್ಕಾರದ 2014ರ ಉನ್ನತ ಭಾರತ ಅಭಿಯಾನದಿಂದಲೇ ಶುರುವಾಯಿತೆಂಬ ಧಾಟಿಯ ಪ್ರಬಂಧಗಳು ಈಚಿನ ವಿಚಾರ ಸಂಕಿರಣಗಳಲ್ಲಿ ಸಾಲುಸಾಲಾಗಿ ಮಂಡನೆಯಾಗುತ್ತಿವೆ. ಹಳ್ಳಿಗಳನ್ನು ದತ್ತು ಪಡೆದು, ಮನೆಮನೆ ಸಮೀಕ್ಷೆಯ ನಮೂನೆಗಳನ್ನು ತುಂಬಿಸಿ, ಅದರ ಫೋಟೋಗಳನ್ನು ಮಾನ್ಯತೆ ನೀಡುವ ನ್ಯಾಕ್ ತಂಡದ ಮುಂದಿಡುವ ಕೆಲಸಕ್ಕೂ ಈಗ ಸಹಭಾಗಿ ಸಂಶೋಧನೆಯೆಂದೇ ಹೆಸರು. ಸಹಭಾಗಿ ಸಂಶೋಧನೆಯೆಂದರೆ, ಅನ್ಯಾಯದ ಬಿಸಿ ತಟ್ಟಿದ ಜನರೇ ಅಧ್ಯಯನದ ಪ್ರಶ್ನೆಯನ್ನು ರೂಪಿಸುವಲ್ಲಿ, ಮಾಹಿತಿಯನ್ನು ಕಲೆಹಾಕುವಲ್ಲಿ, ಬಂದ ಫಲಿತವನ್ನು ಬಳಸುವಲ್ಲಿ ವಿದ್ವಾಂಸರೊಂದಿಗೆ ಪಾಲುದಾರರಾಗಿರುವ ಅಧ್ಯಯನ. ಈ ಅರ್ಥದಲ್ಲಿ ಅದರ ಚರಿತ್ರೆ ಸಾಕಷ್ಟು ಹಳೆಯದು, ಅದರ ಕೆಲವು ಮುಖ್ಯ ಘಟ್ಟಗಳು ನಡೆದದ್ದು ಕರ್ನಾಟಕದಲ್ಲೇ.

ಆರಂಭದ ಹಂತವನ್ನು ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ. ಜೆ.ಸಿ. ಕುಮಾರಪ್ಪನವರು ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳೊಂದಿಗೆ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನಲ್ಲಿ ನಡೆಸಿ 1931ರಲ್ಲಿ ಪ್ರಕಟಿಸಿದ ಆರ್ಥಿಕ ಸಮೀಕ್ಷೆ ರೈತರ ಬಡತನವನ್ನು ಅಂಕಿಸಂಖ್ಯೆಗಳಲ್ಲಿ ತೋರಿಸಿತಾದರೂ ಪ್ರಶ್ನೆಗಳು ವಿದ್ಯಾಪೀಠದವೇ ಆಗಿದ್ದವು. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಕೈಗೊಂಡದ್ದೂ ಸೇರಿದಂತೆ ಸ್ವಾತಂತ್ರ್ಯಾನಂತರದ ಗ್ರಾಮಾಧ್ಯಯನಗಳು ಹಳ್ಳಿಯನ್ನು ಒಳಗಿನಿಂದ ಕಂಡವು, ಆದರೆ ಹಳ್ಳಿಗರನ್ನು ಮಾಹಿತಿದಾರರಾಗಿಯೇ ಉಳಿಸಿದವು. ಪ್ರಶ್ನೆಯ ಒಡೆತನವನ್ನೇ ಬದಲಿಸಿದ ಧಾರೆ ಹೊರಟದ್ದು ಕೊಲಂಬಿಯಾದಿಂದ. ಅಲ್ಲಿನ ಸಮಾಜಶಾಸ್ತ್ರಜ್ಞ ಒರ್ಲಾಂಡೊ ಫಾಲ್ಸ್ ಬೋರ್ಡಾ 1970ರ ದಶಕದಲ್ಲಿ ವಿಶ್ವವಿದ್ಯಾಲಯದಿಂದ ಹೊರಬಂದು, ಕೆರಿಬಿಯನ್ ತೀರದ ರೈತಸಂಘಟನೆಗಳೊಂದಿಗೆ ಭೂಹೋರಾಟದ ಇತಿಹಾಸವನ್ನು ಹಿರಿಯರ ನೆನಪುಗಳಿಂದ ಕಲೆಹಾಕಿದರು. ಅದನ್ನು ಉಲಿಯಾನೊವ್ ಚಲಾರ್ಕಾ ಎಂಬ ಕಲಾವಿದರ ಕೈಯಲ್ಲಿ ಚಿತ್ರಕಥೆಯಾಗಿಸಿ, ಅಕ್ಷರ ಬಾರದ ರೈತರೂ ಅರಿಯುವಂತೆ ಹಿಂದಿರುಗಿಸಿದರು. 1977ರಲ್ಲಿ ಅಲ್ಲಿನ ಕಾರ್ತಹೇನಾ ನಗರದಲ್ಲಿ ನಡೆದ ಸಮ್ಮೇಳನ ಈ ವಿಧಾನಕ್ಕೆ ಜಗತ್ತಿನ ಮನ್ನಣೆ ತಂದಿತು. ಭಾರತದಲ್ಲಿ ರಾಜೇಶ್ ಟಂಡನ್ ಇದೇ ದಾರಿಯಲ್ಲಿ ದೆಹಲಿಯ ಪ್ರಿಯಾ ಸಂಸ್ಥೆಯನ್ನು 1982ರಲ್ಲಿ ಕಟ್ಟಿದರು.

ಕರ್ನಾಟಕದ ಕಥೆ ಪ್ರಿಯಾ ಹುಟ್ಟುವುದಕ್ಕೂ ಮುಂಚೆ, ಇಂಥ ಸಿದ್ಧಾಂತದ ಹಂಗಿಲ್ಲದೆ ಶುರುವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗವನ್ನು ಜನ ಇಂದು ಸೌದೆ ಉಳಿಸುವ ಅಸ್ತ್ರ ಒಲೆಯಿಂದಷ್ಟೇ ಬಲ್ಲರು. ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಅದು ನಡೆಸಿದ ಇಂಧನ ಸಮೀಕ್ಷೆ, ಹಳ್ಳಿಯ ಶಕ್ತಿಬಳಕೆಯ ಬಹುಪಾಲು ಅಡುಗೆಯ ಸೌದೆಯೆಂದೂ ಅದನ್ನು ಹೊರುವ ದುಡಿಮೆಯಲ್ಲಿ ಹೆಂಗಸರ ಮತ್ತು ಮಕ್ಕಳ ಪಾಲು ದೊಡ್ಡದೆಂದೂ ತೋರಿಸಿತು. ಸಮೀಪದ ಪುರ ಗ್ರಾಮದಲ್ಲಿ ಅಡುಗೆಗೆಂದು ಯೋಜಿಸಿದ ಸಮುದಾಯ ಗೋಬರ್ ಅನಿಲ ಸಗಣಿ ಸಾಲದೆ ಕೈಕೊಟ್ಟಾಗ, ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂಬುದು ವಿಜ್ಞಾನಿಗಳಿಗೆ ತಡವಾಗಿ ಅರಿವಾಯಿತು; 1987ರಿಂದ ಅದೇ ಅನಿಲ ಎಂಜಿನ್ ಓಡಿಸಿ ಮನೆಗಳಿಗೆ ನೀರು, ಬೆಳಕು ಕೊಟ್ಟಿತು, ಸಗಣಿ ತಂದವರಿಗೆ ಹಣವೂ ಸಂದಿತು. ಮೊದಲ ಸೋಲನ್ನು ವಿಜ್ಞಾನಿಗಳೇ ಮುಚ್ಚಿಡದೆ ಬರೆದಿಟ್ಟರು; ಅಂಥ ಪದ್ಧತಿ ಇಂದಿನ ಯೋಜನಾ ವರದಿಗಳಲ್ಲಿ ಕಾಣಸಿಗದು.

ಅದೇ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳ್ 1970ರ ದಶಕದ ನಡುವೆ ಆರಂಭಿಸಿದ ಬಿದಿರಿನ ಅಧ್ಯಯನಕ್ಕೆ ಪ್ರೇರಣೆ ಮೇದಾರರ ದೂರು. ಕಾಗದದ ಕಾರ್ಖಾನೆಗೆ ಬಿದಿರು ಟನ್ನಿಗೆ 1.50 ರೂಪಾಯಿಯಂಥ ದರದಲ್ಲಿ ಸಿಗುತ್ತಿದ್ದಾಗ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಾಗಿತ್ತು. ಬಿದಿರು ಬರಿದಾಗಲು ಹಳ್ಳಿಗರ ದನಗಳೇ ಕಾರಣವೆಂಬುದು ಕಾರ್ಖಾನೆಯ ವಾದ. ಬಿದಿರು ಕಡಿಯಲು ಅನುಕೂಲವಾಗಲೆಂದು ಕಾರ್ಖಾನೆಯವರು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿಹಾಕುವುದರಿಂದಲೇ ಎಳೆಯ ಕಳಲೆ ದನಗಳ ಬಾಯಿಗೆ ಸಿಗುತ್ತದೆಂದು ಉತ್ತರ ಕನ್ನಡದ ಹಳ್ಳಿಗರು ಹೇಳಿದರು. ಕ್ಷೇತ್ರದ ಅಳತೆಗಳು ಅವರ ಮಾತನ್ನೇ ಎತ್ತಿಹಿಡಿದವು. ಮುಳ್ಳು ಸವರುವುದನ್ನು ಅರಣ್ಯ ಶುಚಿಗೊಳಿಸುವ ಕ್ರಮವೆಂದು ನಂಬಿದವರಲ್ಲಿ ಪರಿಣತರೂ ಇದ್ದರು ಎಂಬುದು ಇಲ್ಲಿ ನೆನಪಿಡತಕ್ಕ ಸಂಗತಿ.

ಈ ಪರಂಪರೆಯ ಅತ್ಯಂತ ಪಕ್ವ ಫಲ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1990ರ ದಶಕದಿಂದ ಅಲ್ಲಿನ ಸೋಲಿಗ ಬುಡಕಟ್ಟಿನವರೊಂದಿಗೆ ನೆಲ್ಲಿಕಾಯಿಯ ಇಳುವರಿಯನ್ನು ಅಳೆಯುತ್ತ ಬಂದರು. ನೆಲ್ಲಿ ಮರಗಳು ಸೊರಗುವುದಕ್ಕೆ ಅತಿಯಾದ ಕೊಯ್ಲೇ ಕಾರಣವೆಂಬ ಸಂರಕ್ಷಣಾವಾದಿಗಳ ಶಂಕೆಗೆ ಸೋಲಿಗರ ಉತ್ತರ ಬೇರೆಯೇ ಇತ್ತು: ಬೇಸಿಗೆಯ ಮೊದಲಲ್ಲಿ ಒಣ ಎಲೆಯನ್ನಷ್ಟೇ ಮೆಲ್ಲಗೆ ಸುಡುವ ‘ತರಗು ಬೆಂಕಿ’ಯನ್ನು ನಿಷೇಧಿಸಿದ ಮೇಲೆ ಮರಗಳ ಮೇಲೆ ಉಪ್ಪಿಲು, ಅಂದರೆ ಬದನಿಕೆ, ಹೆಚ್ಚಿತು, ನೆಲದಲ್ಲಿ ಲಂಟಾನ ಹಬ್ಬಿತು. ಈ ವಿವರಣೆ ಪರೀಕ್ಷೆಗೆ ಯೋಗ್ಯವಾದ ಊಹೆಯಾಗಿ ವೈಜ್ಞಾನಿಕ ಪತ್ರಿಕೆಗಳನ್ನು ಸೇರಿತು. ಬರೆದವರಲ್ಲಿ ಸೋಲಿಗ ವಿದ್ವಾಂಸರೂ ಇದ್ದರು. ಅದೇ ಕಾಲಕ್ಕೆ ಕುಲಗಳ ‘ಎಲ್ಲೆ’ಗಳನ್ನೂ ದೇವರು, ಮಾರಮ್ಮ, ಕಲ್ಲುಗುಡಿ, ವೀರು, ಅಬ್ಬಿ ಎಂಬ ತಾಣಗಳನ್ನೂ ಹಿರಿಯರೊಂದಿಗೆ ಕಾಡು ಸುತ್ತಿ ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆ ಮಾಡಲಾಯಿತು. ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ 2011ರಲ್ಲೇ ಸೋಲಿಗರಿಗೆ ಅದರೊಳಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು; ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹಕ್ಕನ್ನು ಗೆದ್ದದ್ದು ಸೋಲಿಗರ ಸಂಘಟನೆಯೇ ಹೊರತು ನಕ್ಷೆಯಲ್ಲ, ಆದರೆ ತಮ್ಮ ನೆಲದ ಹೆಸರುಗಳನ್ನು ತಾವೇ ದಾಖಲಿಸಿದ್ದ ಸಮುದಾಯ ಕಚೇರಿಗೆ ಬರಿಗೈಯಲ್ಲಿ ಹೋಗಲಿಲ್ಲ.

ಇದಕ್ಕೆ ವ್ಯತಿರಿಕ್ತವಾದದ್ದು ಜನತಾ ಜೀವವೈವಿಧ್ಯ ದಾಖಲಾತಿಯ ಪಾಡು. ಊರವರೇ ತಮ್ಮ ಸಸ್ಯ, ಪ್ರಾಣಿ, ತಳಿಗಳ ಅರಿವನ್ನು ಬರೆದಿಡುವ ಈ ಪ್ರಯೋಗಕ್ಕೆ 1990ರ ದಶಕದಲ್ಲಿ ಗಾಡ್ಗೀಳರೇ ರೂಪ ಕೊಟ್ಟರು. 2002ರ ಜೀವವೈವಿಧ್ಯ ಕಾಯಿದೆಯ ನಂತರ ಅದು ಪಂಚಾಯಿತಿಗಳ ಕರ್ತವ್ಯವಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ವಿಧಿಸಿ ದಂಡದ ಎಚ್ಚರಿಕೆ ಕೊಟ್ಟ ಮೇಲೆ, ವರ್ಷಗಟ್ಟಲೆ ಕೂತು ಮಾಡಬೇಕಾದ ಕೆಲಸ ನಮೂನೆ ತುಂಬುವ ಅವಸರಕ್ಕೆ ಇಳಿಯಿತು. ಸರ್ಕಾರಿ ಮನ್ನಣೆಯೇ ಒಂದು ವಿಧಾನವನ್ನು ಹೀಗೆ ಟೊಳ್ಳಾಗಿಸಬಲ್ಲದೆಂಬುದನ್ನು ಈ ಕ್ಷೇತ್ರದ ಚರ್ಚೆಗಳು ಇನ್ನೂ ಗಂಭೀರವಾಗಿ ಎತ್ತಿಕೊಂಡಿಲ್ಲ.

ಈ ಅರ್ಧ ಶತಮಾನವನ್ನು ಒಟ್ಟಾಗಿ ನೋಡಿದಾಗ ಎದ್ದು ಕಾಣುವುದು ಅದು ಬಹುಮಟ್ಟಿಗೆ ಒಲೆಯ ಮತ್ತು ಕಾಡಿನ ಕಥೆಯೆಂಬುದು, ಅದನ್ನು ಬರೆದವರು ವಿಜ್ಞಾನಿಗಳೆಂಬುದು. ಪೌರಕಾರ್ಮಿಕರು, ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರು, ಭೂರಹಿತ ದಲಿತ ಕೂಲಿಗಳು ನಮ್ಮ ಸಮಾಜ ವಿಜ್ಞಾನ ವಿಭಾಗಗಳ ಪ್ರಬಂಧಗಳಲ್ಲಿ ಬಹುತೇಕ ಪ್ರಶ್ನಾವಳಿಗೆ ಉತ್ತರಿಸುವವರಾಗಿ ಬರುತ್ತಾರೆ, ಪ್ರಶ್ನಿಸುವವರಾಗಿ ಅಲ್ಲ. ನೀತಿಸಂಹಿತೆಯ ಸಮಿತಿಗಳು ಸಹಿ ಮಾಡಿಸಿದ ಒಪ್ಪಿಗೆಪತ್ರವನ್ನು ಕೇಳುತ್ತವೆ; ಕಲೆಹಾಕಿದ ಮಾಹಿತಿ ಕೊನೆಗೆ ಯಾರ ಬಳಿ ಉಳಿಯಬೇಕೆಂಬ ಪ್ರಶ್ನೆ ಅಲ್ಲಿ ಬರುವುದು ವಿರಳ. ಸೋಲಿಗರ ಪೋಡಿನ, ಅಂದರೆ ಹಾಡಿಯ, ಮಕ್ಕಳು ಓದಬಲ್ಲ ಕನ್ನಡ ಪುಸ್ತಿಕೆಯೊಂದಕ್ಕೆ, ಪೋಡಿನ ಯಾರೂ ನೋಡದ ಇಂಗ್ಲಿಷ್ ಲೇಖನಕ್ಕಿರುವ ತೂಕ ಅಧ್ಯಾಪಕರ ಬಡ್ತಿಯ ಲೆಕ್ಕದಲ್ಲಿ ಇಂದಿಗೂ ಇಲ್ಲ.