ಮೊಳಕೈಯೋ ಕೆನ್ನೆಯೋ: ರೈಫಲ್ಲಿನ ಸ್ಟಾಕನ್ನು ದೇಹಕ್ಕೆ ಹೊಂದಿಸುವಲ್ಲಿ ಮೂಲಪ್ರಮಾಣದ ವಿಚಾರ

ರೈಫಲ್ಲಿನ ನಳಿಗೆ ಎಷ್ಟೇ ನಿರ್ದುಷ್ಟವಾಗಿ ಕೊರೆಯಲ್ಪಟ್ಟಿದ್ದರೂ, ಅದರ ತೋಟಾ ಎಷ್ಟೇ ಏಕರೂಪವಾಗಿದ್ದರೂ, ಆ ಯಂತ್ರಕ್ಕೂ ಅದನ್ನು ಹಿಡಿದವನ ದೇಹಕ್ಕೂ ನಡುವಣ ಸಂಬಂಧವನ್ನು ನಿರ್ಣಯಿಸುವುದು ಸ್ಟಾಕೆಂಬ ಮರದ ಒಡಲೇ ಎಂಬ ವಿಷಯದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಸ್ಟಾಕನ್ನು ದೇಹದ ಯಾವ ಅಂಗದಿಂದ ಅಳೆಯಲಾರಂಭಿಸಬೇಕೆಂಬ ಪ್ರಶ್ನೆಗೆ ರೂಢಿಯು ಕೊಡುತ್ತಾ ಬಂದಿರುವ ಉತ್ತರವೊಂದಿದೆ: ತೋರುಬೆರಳನ್ನು ಟ್ರಿಗರಿನ ಮೇಲಿಟ್ಟು, ಮಡಿಸಿದ ಮೊಳಕೈಯ ಒಳಮಡಿಕೆಗೆ ಬಟ್ಟಿನ ಹಿಂತುದಿ ತಾಗುವುದೋ ಇಲ್ಲವೋ ನೋಡುವುದು, ತಾಗಿದರೆ ಕೋವಿ ಆ ಮನುಷ್ಯನಿಗೆ ಹೊಂದಿತು, ತಾಗದಿದ್ದರೆ ಹೊಂದಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕ್ಷಣಮಾತ್ರದಲ್ಲಿ ಮುಗಿಯುವ ಈ ಪರೀಕ್ಷೆಯು ರೈಫಲ್ಲಿನ ಮಟ್ಟಿಗೆ ಗೌಣಪ್ರಮಾಣವೆಂದೂ, ಮೂಲಪ್ರಮಾಣವನ್ನು ಕೆನ್ನೆಯ ಮೂಳೆಗೂ ಕಣ್ಣಿಗೂ ಇರುವ ಅಂತರದಲ್ಲಿ, ಅದೂ ಗುರಿಕಾರನು ವಾಸ್ತವವಾಗಿ ತಳೆಯುವ ಭಂಗಿಯಲ್ಲಿ, ಅರಸಬೇಕೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಪೂರ್ವಸೂರಿಗಳ ಮತವನ್ನು ಸಂಕ್ಷೇಪವಾಗಿ ಹೇಳಬಹುದು. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರನು 1881ರಲ್ಲಿ ಮೊದಲು ಪ್ರಕಟಿಸಿ 1910ರ ಒಂಬತ್ತನೆಯ ಆವೃತ್ತಿಯವರೆಗೂ ಪರಿಷ್ಕರಿಸಿದ ‘ದಿ ಗನ್ ಅಂಡ್ ಇಟ್ಸ್ ಡೆವಲಪ್‌ಮೆಂಟ್’ ಗ್ರಂಥದಲ್ಲಿ ಕೋವಿಯನ್ನು ಮನುಷ್ಯನಿಗೆ ಹೊಂದಿಸುವ ಕಲೆಯು ವಿಸ್ತಾರವಾಗಿ ನಿರೂಪಿತವಾಗಿದೆ. ಸ್ಟಾಕಿನ ಉದ್ದ, ಗುರಿರೇಖೆಯಿಂದ ಅದರ ಮೇಲಂಚು ಕೆಳಗಿಳಿಯುವ ಪ್ರಮಾಣ, ಮತ್ತು ಅದು ಪಕ್ಕಕ್ಕೆ ಬಾಗುವ ಪ್ರಮಾಣ ಎಂಬ ಮೂರು ಅಳತೆಗಳು ಅಂದಿನಿಂದ ಇಂದಿನವರೆಗೆ ಸರ್ವಸಮ್ಮತವಾಗಿವೆ. ಈ ಮೂರನ್ನೂ ತಿರುಪುಗಳಿಂದ ಬದಲಿಸಬಹುದಾದ ಪರೀಕ್ಷಾ ಕೋವಿಯನ್ನು ಗಿರಾಕಿಯ ಹೆಗಲಿಗೇರಿಸಿ, ಒಪ್ಪಿದ ಅಳತೆಗಳನ್ನು ಬರೆದುಕೊಂಡು, ಅದರಂತೆ ಮರವನ್ನು ಕೆತ್ತುವ ಪದ್ಧತಿಯೂ ಆ ಕಾಲದ್ದೇ. ಇಲ್ಲಿಯವರೆಗೆ ತಕರಾರಿಲ್ಲ. ತಕರಾರಿರುವುದು, ಹಾರುವ ಹಕ್ಕಿಗೆ ಚರೆ ಹೊಡೆಯುವ ಕೋವಿಗಾಗಿ ಹುಟ್ಟಿದ ಈ ವಿದ್ಯೆಯನ್ನು ಅನಂತರದವರು ರೈಫಲ್ಲಿಗೆ ಯಥಾವತ್ತಾಗಿ ಆರೋಪಿಸಿದುದರಲ್ಲಿ, ಹಾಗೆ ಆರೋಪಿಸುವಾಗ ಮೂರು ಅಳತೆಗಳಲ್ಲಿ ಉದ್ದವೊಂದಕ್ಕೇ ಪಟ್ಟಕಟ್ಟಿದುದರಲ್ಲಿ.

ಎರಡು ಆಯುಧಗಳಲ್ಲಿ ಹೊಂದಿಕೆಯು ಕೆಲಸಮಾಡುವ ಬಗೆಯೇ ಬೇರೆ. ಚರೆ ಕೋವಿಗೆ ಹಿಂಬದಿಯ ಗುರಿನೋಟವಿಲ್ಲ. ಬೇಟೆಗಾರನ ಕಣ್ಣೇ ಆ ಸ್ಥಾನದಲ್ಲಿ ನಿಂತಿರುತ್ತದೆ. ಕಣ್ಣಿನಿಂದ ನಳಿಗೆಯ ಬಾಯಿಗೆ 900 ಮಿಲಿಮೀಟರ್ ಇರುವಲ್ಲಿ, ಸ್ಟಾಕಿನ ಮೇಲಂಚು ತುಸು ಎತ್ತರವಾಗಿ ಕಣ್ಣು 3 ಮಿಲಿಮೀಟರ್ ಮೇಲೆದ್ದರೆ, 36 ಮೀಟರ್ ದೂರದಲ್ಲಿ ಹೊಡೆತವು ಸುಮಾರು 12 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಅಲ್ಲಿ ಸ್ಟಾಕಿನ ದೋಷವು ನೇರವಾಗಿ ಗುರಿಯ ದೋಷ. ರೈಫಲ್ಲಿನಲ್ಲಿಯಾದರೋ ಮುಂದೊಂದು ಹಿಂದೊಂದು ಗುರಿನೋಟಗಳಿರುವುದರಿಂದ, ಕಣ್ಣು ಸ್ಥಾನ ತಪ್ಪಿದರೆ ಆ ತಪ್ಪು ಗುರಿಕಾರನಿಗೆ ಕೂಡಲೇ ಕಾಣುತ್ತದೆ. ಅವನು ಕತ್ತನ್ನು ಚಾಚಿಯೋ, ತಲೆಯನ್ನು ಒತ್ತಿಯೋ, ಹೆಗಲನ್ನು ಎತ್ತಿಯೋ ಅದನ್ನು ತಿದ್ದಿಕೊಂಡೇ ಟ್ರಿಗರನ್ನು ಒತ್ತುತ್ತಾನೆ. ಆದುದರಿಂದ ಹೊಂದದ ಸ್ಟಾಕು ರೈಫಲ್ಲಿನವನನ್ನು ಮೊದಲ ಗುಂಡಿನಲ್ಲಿಯೇ ಕೆಡಿಸುವುದಿಲ್ಲ. ಅದು ಅವನ ಸ್ನಾಯುಗಳಿಂದ ಕಂತುಕಂತಾಗಿ ಸುಂಕವನ್ನು ವಸೂಲು ಮಾಡುತ್ತದೆ. ಬಿಗಿಹಿಡಿದ ಕತ್ತು ದಣಿಯುತ್ತದೆ, ದಣಿದ ಸ್ನಾಯು ನಡುಗುತ್ತದೆ. ಎರಡು ಗುರಿನೋಟಗಳ ನಡುವೆ 500 ಮಿಲಿಮೀಟರ್ ಅಂತರವಿರುವ ರೈಫಲ್ಲಿನಲ್ಲಿ ಅವುಗಳ ಹೊಂದಾಣಿಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ತಪ್ಪಿದರೂ 100 ಮೀಟರ್ ದೂರದಲ್ಲಿ ಗುಂಡು 20 ಮಿಲಿಮೀಟರ್ ಪಕ್ಕಕ್ಕೆ ಬೀಳುವುದೆಂಬುದು ಸರಳಗಣಿತ.

ಇದನ್ನೊಪ್ಪಿದರೆ, ಯಾವ ಅಳತೆ ತಪ್ಪಿದಾಗ ಸ್ನಾಯುವಿನ ಮೇಲೆ ಅತ್ಯಧಿಕ ಭಾರ ಬೀಳುವುದೋ ಅದೇ ಮೂಲಪ್ರಮಾಣವೆನ್ನಬೇಕಾಗುತ್ತದೆ. ಉದ್ದವೇ ಪ್ರಧಾನವೆಂಬ ಪಕ್ಷಕ್ಕೆ ಇರುವ ಪ್ರಬಲವಾದ ಆಧಾರವು ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿಯೂ ತಯಾರಾಗಿ ಭಾರತೀಯ ಸೈನಿಕನ ಹೆಗಲಿನಲ್ಲಿ ದಶಕಗಳ ಕಾಲ ಉಳಿದ ಈ ಆಯುಧದ ಬಟ್ಟನ್ನು ಸಾಧಾರಣ ಉದ್ದದಲ್ಲಿಯೂ, ಅದಕ್ಕಿಂತ ಅರ್ಧ ಅಂಗುಲ ಹೆಚ್ಚಿಸಿಯೂ, ಅರ್ಧ ಅಂಗುಲ ತಗ್ಗಿಸಿಯೂ, ಒಂದು ಅಂಗುಲ ತಗ್ಗಿಸಿಯೂ ಒದಗಿಸುತ್ತಿದ್ದರು. ಅತಿ ಕಿರಿದಾದುದಕ್ಕೆ ‘ಬ್ಯಾಂಟಮ್’ ಎಂದು ಹೆಸರು. ಲಕ್ಷಾಂತರ ಸೈನಿಕರ ಅನುಭವವುಳ್ಳ ಸೈನ್ಯವೊಂದು ಉದ್ದವನ್ನು ಮಾತ್ರ ಬದಲಿಸಿ, ಮೇಲಂಚಿನ ಎತ್ತರವನ್ನು ಎಲ್ಲರಿಗೂ ಒಂದೇ ಆಗಿರಿಸಿದುದು, ಉದ್ದದ ಪ್ರಾಧಾನ್ಯಕ್ಕೆ ಸಾಕ್ಷಿಯಲ್ಲವೇ ಎಂದು ಕೇಳಬಹುದು.

ಈ ಸಾಕ್ಷ್ಯವನ್ನು ಹಾಗೆ ಓದಲಾಗದೆಂಬುದು ನಮ್ಮ ಅಭಿಪ್ರಾಯ. ಲೀ-ಎನ್‌ಫೀಲ್ಡಿನ ಬಟ್ಟು ಮುಂಭಾಗದ ಮರದಿಂದ ಪ್ರತ್ಯೇಕವಾಗಿದ್ದು, ಒಳಗೆ ಹಾಯುವ ಉದ್ದನೆಯ ಬೋಲ್ಟೊಂದರಿಂದ ಲೋಹದ ಚೌಕಟ್ಟಿಗೆ ಬಿಗಿಯಲ್ಪಡುತ್ತದೆ; ಆದುದರಿಂದ ಬೇರೆ ಉದ್ದದ ಬಟ್ಟನ್ನು ತೊಡಿಸುವುದು ಆಯುಧಶಾಲೆಯವನಿಗೆ ಅಲ್ಪಕಾಲದ ಕೆಲಸ. ಒಂದೇ ಮರದಲ್ಲಿ ಆದ್ಯಂತ ಕೆತ್ತಿದ ಸ್ಟಾಕುಳ್ಳ ಮೌಸರ್ ಮೊದಲಾದ ರೈಫಲ್ಲುಗಳಲ್ಲಿ ಈ ಸೌಕರ್ಯವಿರಲಿಲ್ಲ. ಅಂದರೆ ಸೈನ್ಯವು ಬದಲಿಸಿದುದು ಆಯುಧದ ರಚನೆಯು ಸುಲಭವಾಗಿ ಬದಲಿಸಗೊಟ್ಟ ಅಳತೆಯನ್ನು; ಬದಲಿಸದೆ ಬಿಟ್ಟುದು ಅನಾವಶ್ಯಕವಾದುದೆಂಬ ಅರ್ಥವು ಅದರಿಂದ ಹೊರಡುವುದಿಲ್ಲ.

ಇಷ್ಟೇ ಆಗಿದ್ದರೆ ನಮ್ಮ ವಾದವು ಕೇವಲ ಖಂಡನೆಯಾಗಿ ಉಳಿಯುತ್ತಿತ್ತು. ಆದರೆ ಅದೇ ವಂಶದ ರೈಫಲ್ಲಿನಲ್ಲಿಯೇ ಮಂಡನೆಗೂ ಆಧಾರವಿದೆ. ಎರಡನೆಯ ಮಹಾಯುದ್ಧದಲ್ಲಿ ನಾಲ್ಕನೆಯ ನಂಬರಿನ ಲೀ-ಎನ್‌ಫೀಲ್ಡ್ ರೈಫಲ್ಲುಗಳನ್ನು ಆರಿಸಿ, ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯ ಮೂಲಕ ದೂರದರ್ಶಕವನ್ನು ಜೋಡಿಸಿ, ಗುರಿಕಾರ ಸೈನಿಕರಿಗೆ ಕೊಡುವಾಗ, ಬಟ್ಟಿನ ಮೇಲೆ ಮರದ ಕೆನ್ನೆಪಟ್ಟಿಯೊಂದನ್ನು ತಿರುಪಿನಿಂದ ಕೂಡಿಸಿದರು. ದೂರದರ್ಶಕವು ನಳಿಗೆಯ ಮೇಲೆ ಎತ್ತರದಲ್ಲಿ ಕುಳಿತುದರಿಂದ ಗುರಿರೇಖೆ ಮೇಲೆದ್ದಿತು. ಅದರೊಡನೆ ಕಣ್ಣೂ ಏಳಬೇಕಾಯಿತು. ಕೆನ್ನೆಗೆ ಆಸರೆ ತಪ್ಪಿತು. ಸೈನಿಕನ ಮುಂಗೈಯ ಉದ್ದ ಅಲ್ಲಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಆದರೂ ನಿಖರತೆಯನ್ನೇ ಪರಮಪ್ರಯೋಜನವಾಗಿ ಉಳ್ಳ ಆಯುಧವನ್ನು ರೂಪಿಸುವ ಪ್ರಸಂಗ ಬಂದಾಗ ಸೈನ್ಯವು ತಿದ್ದಿಕೊಂಡುದು ಎತ್ತರವನ್ನು. ಅಮೆರಿಕದ ಸೈನ್ಯವೂ ದೂರದರ್ಶಕವುಳ್ಳ ಎಂ-1 ರೈಫಲ್ಲಿಗೆ ಚರ್ಮದ ಕೆನ್ನೆಮೆತ್ತೆಯನ್ನು ಕಟ್ಟಿತು.

ಎರಡನೆಯ ಆಧಾರವು ಕ್ರೀಡಾಕ್ಷೇತ್ರದ್ದು. 50 ಮೀಟರ್ ರೈಫಲ್ಲಿನ ತ್ರಿಭಂಗಿ ಸ್ಪರ್ಧೆಯಲ್ಲಿ ಒಬ್ಬನೇ ಸ್ಪರ್ಧಾಳು ಒಂದೇ ರೈಫಲ್ಲಿನಿಂದ ಮಂಡಿಯೂರಿಯೂ, ಬೋರಲಾಗಿ ಮಲಗಿಯೂ, ನಿಂತೂ ಗುಂಡು ಹೊಡೆಯಬೇಕು. ಭಂಗಿ ಬದಲಾದಂತೆ ಅವನು ಬಟ್ ಪ್ಲೇಟಿನ ಉದ್ದವನ್ನೂ ಎತ್ತರವನ್ನೂ, ಕೆನ್ನೆಪಟ್ಟಿಯ ಸ್ಥಾನವನ್ನೂ ಬದಲಿಸಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಇದರ ತಾತ್ಪರ್ಯವನ್ನು ಮಾತ್ರ ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಮೊಳಕೈಯ ಪರೀಕ್ಷೆ ಸತ್ಯವಾಗಿದ್ದಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಉದ್ದ ಸಾಕಾಗಬೇಕಿತ್ತು. ಏಕೆಂದರೆ ನಿಂತಾಗಲೂ ಮಲಗಿದಾಗಲೂ ಅವನ ಮುಂಗೈ ಅಷ್ಟೇ ಉದ್ದ. ಬದಲಾಗುವುದು ಬೆನ್ನಿನ ಬಾಗು, ಹೆಗಲಿನ ಮುಂಚಾಚು, ತಲೆಯ ಓರೆ. ನಿಂತವನು ಬೆನ್ನನ್ನು ಹಿಂದಕ್ಕೆ ಬಾಗಿಸಿ, ಎಡಮೊಳಕೈಯನ್ನು ಸೊಂಟದ ಮೇಲೂರಿ, ತಲೆಯನ್ನು ನೇರವಾಗಿರಿಸಿ ರೈಫಲ್ಲನ್ನು ಕಣ್ಣಿನ ಮಟ್ಟಕ್ಕೆ ತರುತ್ತಾನೆ. ಮಲಗಿದವನು ಎರಡು ಮೊಳಕೈಗಳ ಮೇಲೆ ಎದೆಯನ್ನೆತ್ತಿ ಕತ್ತನ್ನು ಹಿಂದಕ್ಕೆ ಮಡಿಸಬೇಕಾಗುತ್ತದೆ. ಆದುದರಿಂದ ಸ್ಟಾಕು ಹೊಂದಬೇಕಾದುದು ದೇಹಕ್ಕೆ ಎನ್ನುವುದಕ್ಕಿಂತ ದೇಹವು ತಳೆದ ಭಂಗಿಗೆ ಎನ್ನುವುದು ಹೆಚ್ಚು ಯುಕ್ತ; ಆ ಭಂಗಿಯಲ್ಲಿ ಅಲುಗದಿರಬೇಕಾದ ಏಕೈಕ ಬಿಂದು ಕಣ್ಣಾದುದರಿಂದ, ಅಳತೆಯು ಕಣ್ಣಿಗೆ ಆಧಾರವಾದ ಕೆನ್ನೆಯಿಂದ ತೊಡಗಿ, ಅಲ್ಲಿಂದ ಹೆಗಲಿಗೂ ಕೈಗೂ ಇಳಿಯಬೇಕು.

ಈ ಪ್ರತಿಜ್ಞೆಯನ್ನು ಅದರ ಮೇರೆಗಳೊಡನೆಯೇ ಗ್ರಹಿಸಬೇಕೆಂದು ಪ್ರಾರ್ಥನೆ. ಮೊದಲನೆಯದಾಗಿ, ನಿಧಾನವಾಗಿ ಗುರಿಯಿಡುವ ಅಭ್ಯಾಸಕ್ಕೆ ಮಾತ್ರ ಇದು ಅನ್ವಯಿಸುತ್ತದೆ. ಓಡುವ ಮೃಗಕ್ಕೆ ತಟ್ಟನೆ ರೈಫಲ್ಲೇರಿಸುವವನಿಗೆ ಬಟ್ಟು ಬಗಲಿಗೆ ಸಿಕ್ಕಿಕೊಳ್ಳದಿರುವಷ್ಟು ಗಿಡ್ಡವಾಗಿರುವುದೇ ಮುಖ್ಯವಾಗಬಹುದು, ಅಲ್ಲಿ ಗ್ರೀನರನ ಮಾರ್ಗವೇ ಸಮೀಚೀನ. ಎರಡನೆಯದಾಗಿ, ಹಿಡಿಯಿಂದ ಟ್ರಿಗರಿಗಿರುವ ದೂರವು ಭಂಗಿಯನ್ನವಲಂಬಿಸದೆ ಅಂಗೈಯ ಅಳತೆಯನ್ನೇ ಅವಲಂಬಿಸುತ್ತದೆ. ಬೆರಳು ಟ್ರಿಗರನ್ನು ಓರೆಯಾಗಿ ಎಳೆದರೆ ಕೆನ್ನೆಯ ಆಸರೆ ಎಷ್ಟಿದ್ದರೂ ಗುಂಡು ಓಸರಿಸುವುದು. ಮೂರನೆಯದಾಗಿ, ಎಲ್ಲ ಭಂಗಿಗಳಿಗೂ ಬದಲಾಗದ ಒಂದೇ ಸ್ಟಾಕಿನಿಂದ ಕೆಲಸ ಸಾಗಿಸಬೇಕಾದ ಸೈನಿಕನಿಗೆ ಮೊಳಕೈಯ ನಿಯಮವು ಸ್ಥೂಲವಾದ ಸರಾಸರಿಯಾಗಿ ಉಪಯೋಗಕ್ಕೆ ಬರಲಾರದೆಂದು ನಾವು ಹೇಳುವುದಿಲ್ಲ.

ಹೊಂದಿಕೆಯ ಸೂಕ್ಷ್ಮತೆಯು ಗುರಿಯ ಗಾತ್ರವನ್ನೂ ಅವಲಂಬಿಸಿದೆಯೆಂಬುದನ್ನು ಇಲ್ಲಿಯೇ ಸೇರಿಸಬೇಕು. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವನು ತನಗಾಗಿ ಕೆತ್ತಿಸದ ಕೋವಿಯಿಂದಲೂ ಜಯಿಸಬಲ್ಲನು. ಕಾಯಿಯ ಗಾತ್ರವೇ ಸ್ಟಾಕಿನ ಕೊರತೆಯನ್ನು ಮನ್ನಿಸುತ್ತದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿಯಾದರೋ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ. 5.5 ಕಿಲೋಗ್ರಾಂ ತೂಕದವರೆಗೆ ಇರಬಹುದಾದ ಆ ರೈಫಲ್ಲಿನ ಸ್ಟಾಕು ಹಲವೆಡೆ ತಿರುಪುಗಳಿಂದ ಹೊಂದಿಸತಕ್ಕದ್ದಾಗಿರುವುದು ಈ ಕಾರಣದಿಂದಲೇ.

ನಿರ್ಣಯವಾಗಿ ಇಷ್ಟನ್ನು ಹೇಳಬಹುದು: ರೈಫಲ್ಲನ್ನು ಹೊಂದಿಸಹೊರಟವನು ಗುರಿಕಾರನನ್ನು ಮೊದಲು ಅವನ ಭಂಗಿಯಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ತಲೆಯನ್ನು ಸ್ಟಾಕಿನ ಮೇಲೆ ಸಹಜವಾಗಿ ಇಳಿಬಿಡಲು ಹೇಳಿ, ಕಣ್ಣು ತೆರೆದಾಗ ಗುರಿನೋಟವು ಪ್ರಯತ್ನವಿಲ್ಲದೆ ಎದುರಾಗುವಂತೆ ಮೇಲಂಚಿನ ಎತ್ತರವನ್ನು ನಿಶ್ಚಯಿಸಬೇಕು, ಉದ್ದವನ್ನು ಆಮೇಲೆ ನಿಶ್ಚಯಿಸಿ, ಉದ್ದ ಬದಲಾದಾಗ ಕೆನ್ನೆ ಊರುವ ಸ್ಥಳವೂ ಸರಿಯುವುದರಿಂದ ಎತ್ತರವನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಆದರೆ ಕೆನ್ನೆಮೂಳೆಯ ಎತ್ತರ, ಕತ್ತಿನ ಉದ್ದ, ಹೆಗಲಿನ ಇಳಿಜಾರು ಎಂಬ ಅಂಗಪ್ರಮಾಣಗಳನ್ನು ಮೊದಲೇ ಅಳೆದು, ಅವುಗಳಿಂದ ಸ್ಟಾಕಿನ ಅಳತೆಯನ್ನು ಲೆಕ್ಕಹಾಕಿ ತೆಗೆಯಲು ಸಾಧ್ಯವೇ, ಅಥವಾ ಪ್ರತಿಯೊಬ್ಬನನ್ನೂ ಪ್ರಯೋಗದಿಂದಲೇ ಹೊಂದಿಸಬೇಕೇ ಎಂಬ ಪ್ರಶ್ನೆಯನ್ನು ಈ ಲೇಖನವು ಬಿಡಿಸಿಲ್ಲ. ಬೆಳೆಯುತ್ತಿರುವ ವಯಸ್ಸಿನ ಹುಡುಗ ಹುಡುಗಿಯರಲ್ಲಿ ಒಮ್ಮೆ ನಿಶ್ಚಯಿಸಿದ ಹೊಂದಿಕೆಯನ್ನು ಎಷ್ಟು ಕಾಲಕ್ಕೊಮ್ಮೆ ಪರಿಷ್ಕರಿಸಬೇಕೆಂಬುದೂ ಪ್ರತ್ಯೇಕ ಪರಿಶೀಲನೆಯನ್ನು ಬಯಸುವ ವಿಷಯ.