ತುಪ್ಪಳದ ಖಾತೆಯಿಂದ ಯೂಕಾನ್ ಕಾಡಿಗೆ: ಬೇಟೆ–ಬೇಟೆಗಾರ ಸಂಬಂಧದ ಅಧ್ಯಯನ ನಡೆದು ಬಂದ ದಾರಿ

ಕಾಡಿನಲ್ಲಿ ಒಂದು ಪ್ರಾಣಿಯ ಸಂಖ್ಯೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ದೀರ್ಘಕಾಲದ ದಾಖಲೆ ಮೊದಲು ಸಿಕ್ಕಿದ್ದು ವಿಜ್ಞಾನಿಗಳ ಟಿಪ್ಪಣಿಗಳಲ್ಲಲ್ಲ, ವ್ಯಾಪಾರಿಗಳ ಖಾತೆಪುಸ್ತಕಗಳಲ್ಲಿ. 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪನಿ ಕೆನಡಾದ ಉತ್ತರದ ಕಾಡುಗಳಿಂದ ತುಪ್ಪಳ ಕೊಂಡು ಲಂಡನ್ನಿಗೆ ಸಾಗಿಸುತ್ತಿತ್ತು. ಯಾವ ಪ್ರದೇಶದಿಂದ, ಯಾವ ವರ್ಷ, ಯಾವ ಪ್ರಾಣಿಯ ಎಷ್ಟು ಚರ್ಮ ಬಂತು ಎಂಬುದನ್ನು ಗುಮಾಸ್ತರು ಲಾಭನಷ್ಟದ ಲೆಕ್ಕಕ್ಕಾಗಿ ಬರೆದಿಟ್ಟರು. ಆ ಪಟ್ಟಿಯಲ್ಲಿ ಲಿಂಕ್ಸ್ ಇತ್ತು. ಕಿವಿಯ ತುದಿಯಲ್ಲಿ ಕಪ್ಪು ಕೂದಲ ಕುಚ್ಚು, ಹಿಮದ ಮೇಲೆ ಹೂತುಹೋಗದ ಅಗಲ ಪಾದ ಇರುವ ಕಾಡುಬೆಕ್ಕು ಅದು. ಅದರ ಮುಖ್ಯ ಆಹಾರವಾದ ಹಿಮಮೊಲವೂ ಇತ್ತು. ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ ಮೈ ಅದರದು.

ಈ ಖಾತೆಗಳನ್ನು ಜೀವವಿಜ್ಞಾನಿಯ ಕಣ್ಣಿನಿಂದ ಓದಿದವರಲ್ಲಿ ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಪ್ರಮುಖರು. ಪ್ರಾಣಿಗಳ ಸಂಖ್ಯೆ ನಿಯತಕಾಲಕ್ಕೆ ಏರಿಳಿಯುತ್ತದೆ ಎಂದು 1924ರ ಪ್ರಬಂಧದಲ್ಲಿ ವಾದಿಸಿದಾಗ ಅವರು ಕಾರಣವನ್ನು ಹವಾಮಾನದಲ್ಲಿ, ಅದರ ಹಿಂದಿನ ಸೂರ್ಯಕಲೆಗಳಲ್ಲಿ ಹುಡುಕಿದ್ದರು. 1942ರಲ್ಲಿ ಮೇರಿ ನಿಕಲ್ಸನ್ ಜೊತೆ ಲಿಂಕ್ಸ್ ಲೆಕ್ಕವನ್ನು 1736ರಿಂದ ಬಿಡಿಸಿ ನೋಡಿದಾಗ ಆ ವಾದ ನಿಲ್ಲಲಿಲ್ಲ. ಲಿಂಕ್ಸ್ ಚಕ್ರದ ಸರಾಸರಿ ಅವಧಿ 9.6 ವರ್ಷ. ಸುಮಾರು 11 ವರ್ಷದ ಸೂರ್ಯಕಲೆ ಚಕ್ರದೊಡನೆ ಅದು ಹೆಜ್ಜೆ ಹಾಕಲಿಲ್ಲ. ತಮ್ಮದೇ ಹಳೆಯ ವಾದವನ್ನು ಹೊಸ ದಾಖಲೆಯ ಮುಂದಿಟ್ಟು ಕೈಬಿಟ್ಟ ಎಲ್ಟನ್ ಅವರ ಪ್ರಾಮಾಣಿಕತೆ ದೊಡ್ಡದು.

ಎಲ್ಟನ್ ಅವರ ಮೊದಲ ಪ್ರಬಂಧದ ಹೊತ್ತಿಗೇ ಇಟಲಿಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ಜೀವವಿಜ್ಞಾನಿ ಉಂಬೆರ್ತೊ ದಾಂಕೋನಾ ಆಡ್ರಿಯಾಟಿಕ್ ತೀರದ ಮೀನುಮಾರುಕಟ್ಟೆಗಳ ದಾಖಲೆ ತಿರುವಿಹಾಕುತ್ತಿದ್ದರು. ಫಿಯೂಮೆ ಬಂದರಿಗೆ ಬಂದ ಮೀನಿನಲ್ಲಿ ಶಾರ್ಕ್, ತೊರಕೆಗಳಂಥ ಬೇಟೆಗಾರ ಮೀನುಗಳ ಪಾಲು 1914ರಲ್ಲಿ ಶೇ. 11.9 ಇದ್ದದ್ದು 1918ರಲ್ಲಿ ಶೇ. 36.4ಕ್ಕೆ ಏರಿತ್ತು, 1923ರ ಹೊತ್ತಿಗೆ ಮತ್ತೆ ಶೇ. 10.7ಕ್ಕೆ ಇಳಿಯಿತು. ಮೊದಲ ಮಹಾಯುದ್ಧದಿಂದ ಮೀನುಗಾರಿಕೆ ಕುಗ್ಗಿದಾಗ ಲಾಭ ಬೇಟೆಗಾರ ಮೀನಿಗೇ ಏಕಾಯಿತು? ದಾಂಕೋನಾ ಈ ಪ್ರಶ್ನೆಯನ್ನು ತಮ್ಮ ಮಾವ, ಗಣಿತಜ್ಞ ವಿಟೊ ವೋಲ್ಟೆರಾ ಅವರ ಮುಂದಿಟ್ಟರು. 1926ರಲ್ಲಿ ವೋಲ್ಟೆರಾ ಎರಡು ಸಮೀಕರಣಗಳಲ್ಲಿ ಉತ್ತರ ಕೊಟ್ಟರು. ಆಲ್ಫ್ರೆಡ್ ಲೋಟ್ಕಾ 1925ರ ತಮ್ಮ ಗ್ರಂಥದಲ್ಲಿ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು. ಬೇಟೆಪ್ರಾಣಿ ಹೆಚ್ಚಿದರೆ ಬೇಟೆಗಾರ ಹೆಚ್ಚುತ್ತದೆ, ಬೇಟೆಗಾರ ಹೆಚ್ಚಿದರೆ ಬೇಟೆಪ್ರಾಣಿ ಕುಸಿಯುತ್ತದೆ, ಹೊಟ್ಟೆಗಿಲ್ಲದೆ ಬೇಟೆಗಾರನೂ ಇಳಿಯುತ್ತದೆ, ಮತ್ತೆ ಮೊದಲಿಂದ. ಮನುಷ್ಯ ಎರಡನ್ನೂ ಹಿಡಿಯುತ್ತ ಹೋದರೆ ಸರಾಸರಿಯಲ್ಲಿ ನಷ್ಟ ಬೇಟೆಗಾರನಿಗೆ. ಹಿಡಿಯುವುದನ್ನು ನಿಲ್ಲಿಸಿದರೆ ಲಾಭವೂ ಅದಕ್ಕೇ.

ಗಣಿತ ಸೊಗಸಾಗಿತ್ತು, ಜೀವಿಗಳು ಅದಕ್ಕೆ ಒಪ್ಪಲಿಲ್ಲ. ಮಾಸ್ಕೋದ ಗಿಯೋರ್ಗಿ ಗೌಸ್ ಗಾಜಿನ ನಳಿಕೆಯಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯನ್ನು ಬೆಳೆಸಿ, ಅದನ್ನು ತಿನ್ನುವ ಇನ್ನೊಂದು ಏಕಕೋಶ ಜೀವಿ ಡಿಡಿನಿಯಂ ಬಿಟ್ಟರು. ಡಿಡಿನಿಯಂ ಎಲ್ಲವನ್ನೂ ತಿಂದು ಮುಗಿಸಿ, ಆಮೇಲೆ ತಾನೂ ಉಪವಾಸ ಸತ್ತಿತು. ತಳದಲ್ಲಿ ಗಸಿ ಇದ್ದಾಗ ಕೆಲವು ಪ್ಯಾರಮೀಸಿಯಂ ಅದರಲ್ಲಿ ಅಡಗಿ ಉಳಿದವು, ಬೇಟೆಗಾರ ಅಳಿಯಿತು. ಹೊರಗಿನಿಂದ ಆಗಾಗ ಎರಡನ್ನೂ ಹೊಸದಾಗಿ ಸೇರಿಸಿದಾಗ ಮಾತ್ರ ಏರಿಳಿತ ಮುಂದುವರಿಯಿತು. 1934ರ ಅವರ ಪುಸ್ತಕದಲ್ಲಿ ದಾಖಲಾದ ಈ ಪ್ರಯೋಗ, ಅಡಗುತಾಣ ಮತ್ತು ವಲಸೆಯ ಮಹತ್ವವನ್ನು ಸಮೀಕರಣಕ್ಕಿಂತ ಸ್ಪಷ್ಟವಾಗಿ ತೋರಿಸಿತು.

ಇಷ್ಟಾದರೂ ಪಠ್ಯಪುಸ್ತಕಗಳು ತುಪ್ಪಳದ ಅಂಕಿಗಳನ್ನೂ ಇಟಲಿಯ ಸಮೀಕರಣವನ್ನೂ ಒಂದಕ್ಕೊಂದು ಗಂಟುಹಾಕಿದವು. 1937ರಲ್ಲಿ ಡಂಕನ್ ಮ್ಯಾಕ್ಲುಲಿಕ್ ಪ್ರಕಟಿಸಿದ ಮೊಲ–ಲಿಂಕ್ಸ್ ನಕ್ಷೆ, ಒಂದು ಗೆರೆಯ ಬೆನ್ನಿಗೆ ಇನ್ನೊಂದು ಗೆರೆ ಏರಿಳಿಯುವ ಚಿತ್ರ, ಸಿದ್ಧಾಂತದ ಸಾಕ್ಷಿಯಾಗಿ ಪ್ರಪಂಚವೆಲ್ಲ ಸುತ್ತಿತು. ಆದರೆ ಮೊಲದ ಅಂಕಿಗಳು ಹಡ್ಸನ್ ಕೊಲ್ಲಿಯ ಆಸುಪಾಸಿನವು, ಲಿಂಕ್ಸ್ ಅಂಕಿಗಳು ಬಹುಮಟ್ಟಿಗೆ ಪಶ್ಚಿಮ ಕೆನಡಾದವು. ಚರ್ಮದ ಲೆಕ್ಕ ಬೆಲೆಗೂ ಚರ್ಮ ತರುವ ಜನರ ಉತ್ಸಾಹಕ್ಕೂ ತಕ್ಕಂತೆ ಬದಲಾಗುವಂಥದ್ದು. 1973ರಲ್ಲಿ ಮೈಕೆಲ್ ಗಿಲ್ಪಿನ್ ಅದೇ ಅಂಕಿಗಳನ್ನು ಸಮೀಕರಣಕ್ಕೆ ಹೊಂದಿಸಿ ನೋಡಿದಾಗ, ಕೆಲವು ದಶಕಗಳಲ್ಲಿ ಚಕ್ರ ತಿರುವುಮುರುವಾಗಿ ಸುತ್ತುತ್ತಿತ್ತು. ಮೊಲಗಳೇ ಲಿಂಕ್ಸನ್ನು ತಿನ್ನುತ್ತವೆಯೇ ಎಂದು ಅವರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಕೇಳಿದರು. ಖಾತೆ ಓದಿ ಕಾರಣ ಹೇಳಲಾಗದು, ಕಾಡಿಗೇ ಹೋಗಬೇಕು ಎಂಬುದು ಇದರಿಂದ ಖಚಿತವಾಯಿತು.

ಕಾಡಿಗೆ ಹೋದದ್ದು ಚಾರ್ಲ್ಸ್ ಕ್ರೆಬ್ಸ್ ಮತ್ತು ಸಂಗಡಿಗರು. ಕೆನಡಾದ ಯೂಕಾನಿನ ಕ್ಲುವಾನಿ ಪ್ರದೇಶದಲ್ಲಿ, 1986ರಿಂದ ಒಂದು ದಶಕ, ತಲಾ 1 ಚದರ ಕಿ.ಮೀ. ತುಂಡುಗಳಲ್ಲಿ ಪ್ರಯೋಗ ನಡೆಯಿತು. ಕೆಲವು ತುಂಡುಗಳಲ್ಲಿ ಮೊಲಗಳಿಗೆ ವರ್ಷವಿಡೀ ಆಹಾರ ಹಾಕಿದರು. ಕೆಲವೆಡೆ ವಿದ್ಯುತ್ ಬೇಲಿ ಕಟ್ಟಿದರು. ಅದರ ಕಣ್ಣುಗಳಲ್ಲಿ ಮೊಲ ನುಸುಳಬಹುದು, ಲಿಂಕ್ಸ್ ಮತ್ತು ತೋಳದಂಥ ಕೊಯೋಟಿ ನುಸುಳಲಾರವು. ಒಂದೆಡೆ ಬೇಲಿಯೂ ಇತ್ತು, ಆಹಾರವೂ ಇತ್ತು. ಏನೂ ಮಾಡದ ತುಂಡುಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಚಕ್ರದ ಶಿಖರ ಮತ್ತು ಇಳಿಕೆಯ ಘಟ್ಟದಲ್ಲಿ, ಬೇಲಿಯೊಳಗೆ ಮೊಲಗಳ ಸಾಂದ್ರತೆ 2 ಪಟ್ಟು, ಆಹಾರ ಹಾಕಿದಲ್ಲಿ 3 ಪಟ್ಟು ಇತ್ತು. ಎರಡೂ ಸೇರಿದಲ್ಲಿ 11 ಪಟ್ಟು. 1995ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಈ ಇಡೀ ಚರಿತ್ರೆಯ ತಿರುವು ಎಂದೇ ಪರಿಗಣಿಸುತ್ತೇನೆ. ಎರಡು ಪ್ರಭಾವಗಳ ಬರಿಯ ಕೂಡಿಕೆಯಿಂದ 11 ಬರುವುದಿಲ್ಲ. ಮೊಲದ ಮೇಲೆ ಕೆಳಗಿನಿಂದ ಗಿಡ, ಮೇಲಿನಿಂದ ಬೇಟೆಗಾರ ಏಕಕಾಲಕ್ಕೆ ಒತ್ತಡ ಹಾಕುತ್ತವೆ; ಒಂದರ ಬಲ ಇನ್ನೊಂದನ್ನು ಅವಲಂಬಿಸಿದೆ.

ರೇಡಿಯೋ ಪಟ್ಟಿ ತೊಡಿಸಿದ ಮೊಲಗಳ ಸಾವಿನ ಹಿಂದೆ ಬಿದ್ದಾಗ, ಹಸಿವಿನಿಂದ ಸತ್ತವು ತೀರ ಕಡಿಮೆ. ಹೆಚ್ಚಿನವನ್ನು ಬೇಟೆಗಾರ ಪ್ರಾಣಿಗಳೇ ಕೊಂದಿದ್ದವು. ಲಿಂಕ್ಸ್ ಅಲ್ಲದೆ ಕೊಯೋಟಿ, ಕೊಂಬಿನ ಗೂಬೆ, ಗಿಡುಗಗಳು ಪಾಲುದಾರರಾಗಿದ್ದವು. ಎಳೆಮರಿಗಳನ್ನು ಕೊಲ್ಲುವುದರಲ್ಲಿ ಕೆಂಪು ಅಳಿಲು, ನೆಲದ ಅಳಿಲುಗಳು ಮುಂದಿದ್ದವು. ಅಳಿಲಿಗೆ ಜಾಗವೇ ಇಲ್ಲದ ಎರಡು ಜೀವಿಗಳ ಸಮೀಕರಣ ಇಂಥ ಕಾಡನ್ನು ಹೇಗೆ ವಿವರಿಸೀತು?

ಇನ್ನೂ ಒಂದು ಒಗಟು ಉಳಿದಿತ್ತು. ಲಿಂಕ್ಸ್ ಕಡಿಮೆಯಾಗಿ, ಮೇವು ಚಿಗುರಿದ ಮೇಲೂ ಮೊಲಗಳು ಕೆಲವು ವರ್ಷ ಚೇತರಿಸಿಕೊಳ್ಳುತ್ತಿರಲಿಲ್ಲ. ಕ್ರೆಬ್ಸ್ ತಂಡದ ರೂಡಿ ಬೂನ್‌ಸ್ಟ್ರಾ ಇದಕ್ಕೆ ಭಯವನ್ನು ಕಾರಣವಾಗಿ ಮುಂದಿಟ್ಟರು. ಮೈಕೆಲ್ ಶೆರಿಫ್, ಕ್ರೆಬ್ಸ್, ಬೂನ್‌ಸ್ಟ್ರಾ ಅವರ 2009ರ ಅಧ್ಯಯನದಲ್ಲಿ ಬಸಿರಿ ಮೊಲಗಳಿದ್ದ ಆವರಣಕ್ಕೆ ತರಬೇತಾದ ನಾಯಿಯನ್ನು ಸ್ವಲ್ಪ ಹೊತ್ತು ಬಿಡಲಾಯಿತು. ನಾಯಿ ಅವುಗಳನ್ನು ಮುಟ್ಟಲೂ ಇಲ್ಲ. ಆದರೂ ಆ ತಾಯಂದಿರಲ್ಲಿ ಜೀವಂತ ಮರಿ ಹಾಕಿದವು ಕಡಿಮೆ. ಹುಟ್ಟಿದ ಮರಿಗಳು ಸಣ್ಣವು, ಹಗುರ. ಬೇಟೆಗಾರ ತಿಂದ ಮೊಲಗಳನ್ನಷ್ಟೇ ಎಣಿಸಿದರೆ, ಹೆದರಿಕೆಯಿಂದ ಹುಟ್ಟದೇ ಹೋದವು ಲೆಕ್ಕಕ್ಕೆ ಸಿಗುವುದಿಲ್ಲ.

ಈ ಚರಿತ್ರೆಗೆ ಕನ್ನಡ ನಾಡಿನ ಕೊಡುಗೆಯೂ ಇದೆ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಒಂದೇ ಕಾಡಿನಲ್ಲಿ ಹೇಗೆ ಬಾಳುತ್ತವೆ ಎಂಬುದನ್ನು ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ವಿವರಿಸಿದರು. ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ 91.5 ಕೆ.ಜಿ., ಸೀಳುನಾಯಿಯದು 43.4, ಚಿರತೆಯದು 37.6. ಕಾಟಿ, ಕಡವೆಯಂಥ ದೊಡ್ಡ ಪ್ರಾಣಿಗಳು ಧಾರಾಳವಾಗಿರುವುದರಿಂದಲೇ ಹುಲಿಗೆ ಉಳಿದಿಬ್ಬರೊಡನೆ ಜಗಳ ಕಡಿಮೆ. ಕಾರಂತ ಮತ್ತು ಸಂಗಡಿಗರು 2004ರಲ್ಲಿ ದೇಶದ 11 ತಾಣಗಳ ಲೆಕ್ಕ ತೆಗೆದಾಗ, 100 ಚದರ ಕಿ.ಮೀ.ಗೆ ಹುಲಿಗಳ ಸಂಖ್ಯೆ 3.2ರಿಂದ 16.8ರವರೆಗೆ ಇತ್ತು. ಆ ವ್ಯತ್ಯಾಸವನ್ನು ಗೊರಸಿನ ಪ್ರಾಣಿಗಳ ಸಾಂದ್ರತೆಯೇ ವಿವರಿಸುತ್ತಿತ್ತು. ಸಿಗುವ ಬೇಟೆಯಲ್ಲಿ ಹುಲಿ ವರ್ಷಕ್ಕೆ ತೆಗೆದುಕೊಳ್ಳುವುದು ಸುಮಾರು ಶೇ. 10 ಮಾತ್ರ.

ಆದ್ದರಿಂದ ಹುಲಿ ಗಣತಿಯ ಫಲಿತಾಂಶ ಪತ್ರಿಕೆಯಲ್ಲಿ ಬಂದಾಗ ಓದುಗರು ಇನ್ನೊಂದು ಅಂಕಿಯನ್ನೂ ಕೇಳಬೇಕು: ಅದೇ ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿಗಳು ಎಷ್ಟಿವೆ?