ಅಪಾಯಕಾರಿ ಶಕ್ತಿ ನಿಯಂತ್ರಣ

ಯಂತ್ರಗಳ ದುರಸ್ತಿ, ಶುಚಿ ಅಥವಾ ನಿರ್ವಹಣೆಯ ವೇಳೆ ಅವು ಅಕಸ್ಮಾತ್ತಾಗಿ ಚಾಲೂ ಆಗದಂತೆ, ಒಳಗೆ ಉಳಿದ ಶಕ್ತಿ ಹೊರನುಗ್ಗದಂತೆ ತಡೆಯುವ ಕೈಗಾರಿಕಾ ಸುರಕ್ಷತಾ ವಿಧಾನ. ಲಾಕ್‌ಔಟ್-ಟ್ಯಾಗ್‌ಔಟ್ ಎಂಬ ಹೆಸರೂ ಬಳಕೆಯಲ್ಲಿದೆ. ವಿದ್ಯುತ್ತು, ಹಬೆ, ಒತ್ತಡದ ಗಾಳಿ ಮತ್ತು ಎಣ್ಣೆ, ಸ್ಪ್ರಿಂಗಿನ ಬಿಗುವು, ಎತ್ತರದಲ್ಲಿ ನಿಂತ ಭಾರ ಇದರ ವ್ಯಾಪ್ತಿಗೆ ಸೇರುತ್ತವೆ.

ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ 24ನೆಯ ಪ್ರಕರಣವು, ಅಕಸ್ಮಾತ್ತಾಗಿ ಚಾಲೂ ಸ್ಥಿತಿಗೆ ಜಾರಬಹುದಾದ ಶಕ್ತಿಕಡಿತ ಸಾಧನಕ್ಕೆ ಬೀಗದ ವ್ಯವಸ್ಥೆ ಇರಬೇಕೆಂದು ವಿಧಿಸಿತು. ಅಮೆರಿಕ 1989ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಮಾನದಂಡ ಹೊರಡಿಸಿತು.

ಮುಖ್ಯ ಹಂತಗಳು: ಸಂಬಂಧಪಟ್ಟವರಿಗೆ ಸೂಚನೆ, ಯಂತ್ರದ ನಿಲುಗಡೆ, ಶಕ್ತಿಮೂಲದ ಬೇರ್ಪಡಿಕೆ, ಬೀಗ ಹಾಗೂ ಎಚ್ಚರಿಕೆ ಫಲಕದ ಅಳವಡಿಕೆ, ಉಳಿಕೆ ಶಕ್ತಿಯ ವಿಸರ್ಜನೆ, ಶೂನ್ಯಶಕ್ತಿಯ ಪರೀಕ್ಷೆ. ದುರಸ್ತಿಯಲ್ಲಿ ತೊಡಗಿದ ಪ್ರತಿಯೊಬ್ಬರೂ ತಮ್ಮದೇ ಬೀಗ ಹಾಕುತ್ತಾರೆ; ಹಾಕಿದವರೇ ತೆಗೆಯುವುದು ನಿಯಮ.

ತುಮಕೂರು ನಗರದ ಅಂತರಸನಹಳ್ಳಿ, ಸಮೀಪದ ವಸಂತನರಸಾಪುರ, ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯ ಕೈಗಾರಿಕಾ ಪ್ರದೇಶಗಳು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ತುಮಕೂರು ಜಿಲ್ಲೆಯಲ್ಲಿ ಈ ವಿಧಾನಕ್ಕೆ ಪ್ರಸಕ್ತವಾದ ಕ್ಷೇತ್ರಗಳು. ವಿದ್ಯುತ್ ಮಾರ್ಗಗಳ ದುರಸ್ತಿಗೆ ಮುನ್ನ ಲೈನ್‌ಮನ್‌ಗಳು ಪಡೆಯುವ ‘ಲೈನ್ ಕ್ಲಿಯರ್’ ಅನುಮತಿಯೂ ಇದೇ ತತ್ತ್ವದ್ದು. ಅಂಗಹಾನಿ, ವಿದ್ಯುದಾಘಾತ, ಸುಟ್ಟಗಾಯ ಮತ್ತು ಸಾವುಗಳನ್ನು ತಡೆಯುವುದರಲ್ಲಿ ಈ ವಿಧಾನದ ಮಹತ್ತ್ವವಿದೆ.